ಕ್ಷೇಮದ ಕೆಳಗಿನ ಸಾಲು

ಹಳಿಯಾಳದ ಬಸ್ ಸ್ಟ್ಯಾಂಡಿನಿಂದ ಪೇಟೆಗೆ ಬರುವ ದಾರಿಯಲ್ಲಿ, ಒಂದು ಕಿರಾಣಿ ಅಂಗಡಿಯ ಮಹಡಿಯ ಮೇಲೆ ನನ್ನ ಟೈಪಿಂಗ್ ಕ್ಲಾಸ್ ಇತ್ತು. ಬೋರ್ಡು ಈಗಲೂ ಇದೆ, ಕಲಿಯುವವರು ಇಲ್ಲ. ಕಂಪ್ಯೂಟರ್ ಎಂಬುದು ಊರಿಗೆ ಬಂದು ನನ್ನ ಹೊಟ್ಟೆಯ ಮೇಲೆ ಹೊಡೆಯಿತು, ಅದನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ. ಹಾಗಿದ್ದೂ ಕಂಪ್ಯೂಟರನ್ನೇ ನಂಬಿ ಬದುಕಿದ ಒಬ್ಬ ಹೆಣ್ಣುಮಗಳ ಬಗ್ಗೆ ಬರೆಯಲು ಕುಳಿತಿದ್ದೇನೆ. ನಾನು ಬರೆಯದಿದ್ದರೆ ಅವಳ ಬಗ್ಗೆ ಬೇರೆ ಯಾರೂ ಬರೆಯುವುದಿಲ್ಲ.

ಅವಳ ಹೆಸರು ತುಳಜಾ. ಮುಂಡಗೋಡ ತಾಲೂಕಿನ ಮಳಗಿಯಿಂದ ಒಳಗೆ ನಡೆದುಕೊಂಡೇ ಹೋಗಬೇಕಾದ ಒಂದು ಸಣ್ಣ ಹಳ್ಳಿಯವಳು. ಅಪ್ಪ ಅವ್ವ ಇಬ್ಬರೂ ಕೂಲಿ ಮಾಡುವವರು. ಪಿಯುಸಿ ಮುಗಿಸಿ, ಹಳಿಯಾಳದ ಚಿಕ್ಕಮ್ಮನ ಮನೆಯಲ್ಲಿ ಇದ್ದುಕೊಂಡು ನನ್ನ ಕ್ಲಾಸಿಗೆ ಬಂದಳು. ಬೆರಳು ಚುರುಕು, ಆದರೆ ಕೀಲಿಗಳನ್ನು ಎಷ್ಟು ಜೋರಾಗಿ ಹೊಡೆಯುತ್ತಿದ್ದಳೆಂದರೆ ಕೆಳಗಿನ ಕಿರಾಣಿಯವನು ತಲೆ ಎತ್ತಿ ನೋಡುತ್ತಿದ್ದ. "ಯವ್ವಾ, ಅದು ಟೈಪ್ ಮಷಿನ್. ಖಾರ ಕುಟ್ಟೂ ಒರಳಲ್ಲ" ಎಂದು ನಾನು ಬೈಯುತ್ತಿದ್ದೆ. ಅವಳು ತಲೆ ತಗ್ಗಿಸಿ ನಕ್ಕು ಮತ್ತೆ ಹಾಗೆಯೇ ಹೊಡೆಯುತ್ತಿದ್ದಳು.

ಪರೀಕ್ಷೆ ಪಾಸಾದ ವರ್ಷವೇ ಸೋದರಮಾವನ ಮಗ ಕುಬೇರನ ಜೊತೆ ಮದುವೆಯಾಯಿತು. ಅವನು ಗೋವಾದ ವಾಸ್ಕೋದಲ್ಲಿ ಹಡಗು ರಿಪೇರಿಯ ಕಡೆ ವೆಲ್ಡಿಂಗ್ ಮಾಡುತ್ತಿದ್ದ. ಇವಳೂ ಹೋಗಿ ಅಲ್ಲಿ ತಗಡು ಹೊದಿಸಿದ ಒಂದು ಪತ್ರಾಸಿನ ಮನೆಯಲ್ಲಿ ಸ್ವಲ್ಪ ಕಾಲ ಇದ್ದಳು. ಅವನು ಬೆಳಿಗ್ಗೆ ಹೋದರೆ ದೀಪ ಹಚ್ಚುವ ಹೊತ್ತಿಗೆ ಬರುವವನು. ನೆರೆಯವರ ಮಾತು ಇವಳಿಗೆ ಬರುವುದಿಲ್ಲ. ಕೊನೆಗೆ ಕಂಪ್ಯೂಟರ್ ಕಲಿಯುತ್ತೇನೆಂದು ಹಟ ಹಿಡಿದು ಹಳಿಯಾಳಕ್ಕೆ ವಾಪಸ್ ಬಂದಳು. ಕಲಿತಳು, ನೌಕರಿಯೂ ಸಿಕ್ಕಿತು. ಚಿಕ್ಕಮ್ಮ ಅಷ್ಟರಲ್ಲಿ ಮಗನ ಕಡೆ ಬೆಳಗಾವಿಗೆ ಹೋಗಿದ್ದಳು, ಆದ್ದರಿಂದ ನನ್ನ ಕ್ಲಾಸಿನ ಹಿಂದಿನ ಖೋಲಿಯನ್ನೇ ಬಾಡಿಗೆಗೆ ಹಿಡಿದಳು. ಅದು ಎರಡು ಸಾವಿರದ ಎರಡನೆಯ ಇಸವಿ.

ನೌಕರಿ ಕೊಟ್ಟದ್ದು ಗೋವಾಕ್ಕೆ ದುಡಿಯಲು ಹೋದವರ ಮನೆಗಳಿಗಾಗಿ ಹುಟ್ಟಿಕೊಂಡ ಒಂದು ಸಂಘ. ಸಾಂಬ್ರಾಣಿ, ಮಳಗಿ, ಜೋಯಿಡಾದ ಕುಂಬಾರವಾಡ, ಹೀಗೆ ಕೆಲವು ಊರುಗಳಲ್ಲಿ ಒಂದೊಂದು ಕಂಪ್ಯೂಟರ್ ಇಟ್ಟು, ಫೋನಿನ ತಂತಿಗೆ ಸಿಕ್ಕಿಸಿದ್ದರು. ಗೋವಾದಲ್ಲಿದ್ದವರು ಅಲ್ಲಿನ ಸೈಬರ್ ಕೆಫೆಗೆ ಹೋಗಿ, ಕನ್ನಡವನ್ನೇ ಇಂಗ್ಲಿಷ್ ಅಕ್ಷರಗಳಲ್ಲಿ ಕುಟ್ಟಿ, ಮನೆಗೆ ಸುದ್ದಿ ಬರೆಯುತ್ತಿದ್ದರು. ಊರಿನವರು ಕೇಂದ್ರಕ್ಕೆ ಬಂದು ತಮ್ಮ ಮನೆಯ ಪುಟ ತೆರೆಸಿ ಓದಿಸಿಕೊಳ್ಳುತ್ತಿದ್ದರು, ಉತ್ತರ ಬರೆಸುತ್ತಿದ್ದರು. ಆ ಪುಟಗಳನ್ನು ಕಟ್ಟುವ ಪ್ರೋಗ್ರಾಮು ತುಳಜಾಳದು. ಒಬ್ಬಳದೇ. ಊರಿನಲ್ಲಿ ಆ ಕೆಲಸ ತಿಳಿದ ಇನ್ನೊಬ್ಬರು ಇರಲಿಲ್ಲ. ಅದಕ್ಕೇ ಸಂಜೆ ಹುಡುಗರೆಲ್ಲ ಹೋದ ಮೇಲೆ ನನ್ನ ಕ್ಲಾಸಿಗೆ ಬಂದು, ಒಂದು ಮಷಿನ್ನಿನ ಮುಂದೆ ಕುಳಿತು, ಕಂಪ್ಯೂಟರಿನ ವೈರಿಯಾದ ನನಗೇ ಅದರ ಸುಖದುಃಖ ಹೇಳುತ್ತಿದ್ದಳು. ಕೇಳುವವರು ಯಾರೂ ಇಲ್ಲದವರಿಗೆ ಕೇಳುವವನು ಯಾರಾದರೇನು?

ಕುಬೇರ ವರ್ಷಕ್ಕೆ ಒಂದೆರಡು ಸಲ ಬರುತ್ತಿದ್ದ. ಒಳ್ಳೆಯ ಹುಡುಗ, ಮಾತು ಕಡಿಮೆ, ಸ್ವಾಭಿಮಾನ ಜಾಸ್ತಿ. ಮರುವರ್ಷ ಯುಗಾದಿಗೆ ಬಂದಾಗ ಇಬ್ಬರಿಗೂ ಜಗಳವಾಯಿತು. ನಡುವೆ ಇದ್ದದ್ದು ಒಂದು ಹಲಗೆಯ ಗೋಡೆ, ನನಗೆ ಎಲ್ಲವೂ ಕೇಳಿಸಿತು.

"ಗಂಡ ಒಂದೂರಾಗ, ಹೆಂಡ್ತಿ ಒಂದೂರಾಗ. ಇದಕ್ಕ ಸಂಸಾರ ಅಂತಾರೇನು? ವಾಸ್ಕೋಕ್ಕ ನಡಿ" ಎಂದ ಅವನು.

"ಅಲ್ಲಿ ಬಂದು ಏನ ಮಾಡ್ಲಿ? ಪತ್ರಾಸಿನ ಮನ್ಯಾಗ ಕುಂತು ನಿನ್ನ ದಾರಿ ಕಾಯ್ಲೇನು? ನೀನೇ ಇಲ್ಲಿಗೆ ಬಾ. ದಾಂಡೇಲ್ಯಾಗ ವೆಲ್ಡಿಂಗ್ ಮಾಡವ್ರಿಗೆ ಕೆಲಸಾ ಸಿಗೂದಿಲ್ಲೇನು?"

ಆಮೇಲೆ ಅವನು, "ವಿಚಾರ ಮಾಡ್ತೇನಿ" ಎಂದ. ಮರುದಿನ ಹೋದ. ಅವನು ಬಂದಾನೋ ಇಲ್ಲವೋ, ಅವಳ ಜೀವ ಆ ಒಂದು ಮಾತಿನ ಮೇಲೆ ನಿಂತಿತು. ಸಂಜೆ ಒಲೆ ಹಚ್ಚುವುದು ಬಿಟ್ಟಳು, ಮಧ್ಯಾಹ್ನದ ರೊಟ್ಟಿಯನ್ನೇ ಒಂದಿಷ್ಟು ಶೇಂಗಾ ಹಿಂಡಿ ಚಟ್ನಿಯ ಜೊತೆ ತಿಂದು ಮುಗಿಸುತ್ತಿದ್ದಳು. ಒಬ್ಬಳಿಗಾಗಿ ಅಡುಗೆ ಮಾಡಲು ಮನಸ್ಸಾಗುವುದಿಲ್ಲ ಎನ್ನುತ್ತಿದ್ದಳು.

ಈಗ ಆ ಪುಟದ ಸಂಗತಿ ಹೇಳಬೇಕು. ಎಲ್ಲ ಮನೆಗಳ ಪುಟಕ್ಕೂ ಅಚ್ಚು ಒಂದೇ. ಮೇಲೆ ಸಂಘದ ಹೆಸರು, ಸುತ್ತ ಹೂಬಳ್ಳಿಯ ಅಂಚು, ನಡುವೆ ಯಾರ ಮನೆಗೆ, ಯಾರಿಂದ, ಏನು ಸುದ್ದಿ ಎಂಬುದಕ್ಕೆ ಖಾಲಿ ಜಾಗ. ಮದುವೆ ಕಾರ್ಡಿನ ಅಚ್ಚಿನಲ್ಲಿ ಹೆಸರು ಮಾತ್ರ ಬದಲಾಗುವ ಹಾಗೆ. ಇದಕ್ಕೆ ಟೆಂಪ್ಲೇಟ್ ಎನ್ನುತ್ತಾರಂತೆ. ಯಾರೋ ಪುಟ ಕೇಳಿದ ಕೂಡಲೇ ಪ್ರೋಗ್ರಾಮು ಆ ಖಾಲಿ ಜಾಗ ತುಂಬಿ ತಂತಿಯ ಮೇಲೆ ಕಳಿಸಬೇಕು. ತುಂಬಿ ಕಳಿಸುವ ರೀತಿ ನಾಲ್ಕಾರು ಇವೆ, ಸರಿಯಾದದ್ದನ್ನು ಆರಿಸುವುದರಲ್ಲೇ ಎಲ್ಲಾ ಇದೆ ಎಂದು ಅವಳು ಹೇಳಿದಾಗ ನನಗೆ ನಗು ಬಂದಿತ್ತು.

ಮೊದಲು ಅವಳ ಪ್ರೋಗ್ರಾಮು ಹೇಗೆ ಮಾಡುತ್ತಿತ್ತೆಂದರೆ, ಪುಟಕ್ಕೆ ಒಂದು ಸಾಲು ಸೇರಿಸಬೇಕಾದಾಗಲೆಲ್ಲ ಅಲ್ಲಿಯವರೆಗಿನದನ್ನು ಪೂರಾ ಮತ್ತೆ ನಕಲು ಮಾಡಿ, ಅದರ ಕೆಳಗೆ ಹೊಸ ಸಾಲು ಇಡುತ್ತಿತ್ತು. "ಸಾಲಿಗೊಂದು ಹೊಸಾ ಹಾಳಿ ತಗೊಂಡು ಮೊದಲಿಂದ ಹೊಡ್ಯೂ ಟೈಪಿಸ್ಟ್ ಇದ್ದಿದ್ರ ನಾ ಅಂವನ್ನ ಕ್ಲಾಸಿನಿಂದ ಹೊರಗ ಹಾಕ್ತಿದ್ದೆ" ಎಂದೆ. ಅವಳು ಅದನ್ನು ತಿದ್ದಿ, ತುಂಡುಗಳನ್ನೆಲ್ಲ ಬೇರೆ ಬೇರೆ ಕೂಡಿಟ್ಟು ಕೊನೆಗೆ ಒಮ್ಮೆ ಮಾತ್ರ ಜೋಡಿಸುವಂತೆ ಮಾಡಿದಳು. ಪುಟ ಬೇಗ ತಯಾರಾಗತೊಡಗಿತು. ಸಾಂಬ್ರಾಣಿ, ಮಳಗಿಗಳಿಗೆ ಅಷ್ಟು ಸಾಕಾಯಿತು. ಕುಂಬಾರವಾಡಕ್ಕೆ ಸಾಲಲಿಲ್ಲ.

ಕುಂಬಾರವಾಡಕ್ಕೆ ನಾನೂ ಒಮ್ಮೆ ಅವಳ ಜೊತೆ ಹೋದೆ. ಕಂಪ್ಯೂಟರ್ ಸೋತು ನಿಂತದ್ದನ್ನು ಕಣ್ಣಾರೆ ನೋಡುವ ಆಸೆಯೇ ಹೊರತು ಬೇರೆ ಕೆಲಸವಿರಲಿಲ್ಲ. ಬಸ್ಸು ಕಾಡಿನಲ್ಲಿ ತಿರುಗಿ ತಿರುಗಿ ಹೋಗಿ, ನಮ್ಮನ್ನು ಇಳಿಸಿ, ಇನ್ನು ನಾಳೆಯೇ ಬರುತ್ತೇನೆ ಎಂಬಂತೆ ಹೊರಟುಹೋಯಿತು. ಸೊಸೈಟಿ ಕಟ್ಟಡದ ಒಂದು ಮೂಲೆಯಲ್ಲಿ ಕೇಂದ್ರ. ಅದನ್ನು ನೋಡಿಕೊಳ್ಳುತ್ತಿದ್ದ ಸಾತಪ್ಪ ಎಂಬುವನು ಸುದ್ದಿಗಳನ್ನು ಗಟ್ಟಿಯಾಗಿ ಓದಿ ಹೇಳುತ್ತಿದ್ದ. ಅವತ್ತು ಬಿಬಿಜಾನ್ ಎಂಬ ಸಿದ್ದಿ ಮುದುಕಿ ಬಂದು ಕುಳಿತಿದ್ದಳು. ಮಗಳು ಮಡಗಾಂವದಲ್ಲಿ ಮನೆಗೆಲಸಕ್ಕಿದ್ದಳು. ಸಾತಪ್ಪ ಪುಟ ಕೇಳಿದ. ಪರದೆ ಬಿಳಿಯಾಗಿಯೇ ನಿಂತಿತು. ಆ ತಂತಿಯ ಮೇಲೆ ಪುಟ ಹನಿ ಹನಿಯಾಗಿ ಬರುತ್ತಿತ್ತು, ಆದರೆ ಹೂಬಳ್ಳಿಯ ಚೌಕಟ್ಟು ಕೊನೆಯವರೆಗೆ ಮುಟ್ಟದೆ ಒಳಗಿನ ಒಂದಕ್ಷರವೂ ಕಾಣುತ್ತಿರಲಿಲ್ಲ. ಕೊನೆಯವರೆಗೆ ಮುಟ್ಟುವಷ್ಟರಲ್ಲಿ ಲೈನು ಕಟ್ಟಾಗುತ್ತಿತ್ತು. ಮತ್ತೆ ಮೊದಲಿಂದ.

"ಬೇಟಿ, ನನ್ನ ಮಗಳಿಗೆ ಏನಾಗೇತಿ? ಬರೀ ಬಿಳೇದು, ಹೆಣದ ಮ್ಯಾಲೆ ಕಫನ್ ಹಾಸಿದಂಗ ಕಾಣ್ತೈತಿ" ಎಂದು ಬಿಬಿಜಾನ್ ತುಳಜಾಳ ಕೈ ಹಿಡಿದುಕೊಂಡಳು.

"ಏನೂ ಆಗಿಲ್ಲಬೇ, ಲೈನ್ ಸರಿ ಇಲ್ಲ" ಎಂದಳು ತುಳಜಾ.

ಮುದುಕಿ ನಂಬಲಿಲ್ಲ. ಮೂಗು ಒರೆಸಿಕೊಳ್ಳುತ್ತ ಎದ್ದು ಹೋದಳು. ಸೋತ ಕಂಪ್ಯೂಟರನ್ನು ನೋಡಿ ಖುಷಿಪಡಬೇಕೆಂದು ಹೋಗಿದ್ದ ನನಗೂ ಖುಷಿಯಾಗಲಿಲ್ಲ.

ವಾಪಸ್ ಬಂದ ಮೇಲೆ ತುಳಜಾ ಹೂಬಳ್ಳಿಯನ್ನು ಕಿತ್ತು ಹಾಕಿದಳು. ಪುಟ ಪೂರ್ತಿಯಾಗಲಿ ಎಂದು ಕಾಯದೆ, ಸಿಕ್ಕ ತುಂಡನ್ನು ಸಿಕ್ಕ ಹಾಗೆ ಕಳಿಸುವ ರೀತಿಗೆ ಬದಲಾಯಿಸಿದಳು. ಪಂಕ್ತಿಯಲ್ಲಿ ಎಲೆ ಹಾಕಿದ ಕೂಡಲೇ ಉಪ್ಪು, ಉಪ್ಪಿನಕಾಯಿ ಬಡಿಸುತ್ತ ಹೋಗುವುದಿಲ್ಲವೇ, ಹಾಗೆ. ಈಗ ಕುಂಬಾರವಾಡದಲ್ಲಿ ಪುಟ ಕೇಳಿದ ಕೂಡಲೇ ಮೊದಲ ಸಾಲು ಕಾಣುತ್ತಿತ್ತು, ಮುಂದಿನದು ನಿಧಾನಕ್ಕೆ ಇಳಿಯುತ್ತಿತ್ತು. ಮೊದಲ ಸಾಲು ಯಾವಾಗಲೂ ಕ್ಷೇಮ. ನಮ್ಮ ಕಡೆಯವರು ಹಾಗೆ ತಾನೆ ಬರೆಯುವುದು? ನಾವು ಇಲ್ಲಿ ಕ್ಷೇಮ, ನೀವು ಕ್ಷೇಮವೇ, ಅಜ್ಜನಿಗೆ ನಮಸ್ಕಾರ, ಅಜ್ಜಿಗೆ ನಮಸ್ಕಾರ, ದೊಡ್ಡಪ್ಪ, ಕಾಕಾ, ಅತ್ತಿ, ವಯಸ್ಸಿನ ಪ್ರಕಾರ ಎಲ್ಲರನ್ನೂ ಕೇಳಿ, ಎಮ್ಮೆ ಈಯಿತೇ ಎಂದು ವಿಚಾರಿಸಿ, ಹೇಳಬೇಕಾದ ವಿಷಯವನ್ನು ಕಟ್ಟಕಡೆಗೆ ಒಂದು ಸಾಲಿನಲ್ಲಿ ಹೇಳುತ್ತಾರೆ. ಬಿಬಿಜಾನ್ ಮೊದಲ ಸಾಲು ಕೇಳಿ, "ಬಸ್, ಅಷ್ಟ ಸಾಕು" ಎಂದು ಎದ್ದಳಂತೆ. ಕ್ಷೇಮ ಎಂದ ಮೇಲೆ ಲೈನು ಕಟ್ಟಾದರೂ ಯಾರಿಗೂ ಚಿಂತೆಯಿಲ್ಲ. ಸಂಘದವರು ತುಳಜಾಳನ್ನು ಹೊಗಳಿದರು.

ಹೊಗಳಿಕೆಯ ಭರದಲ್ಲಿ ಇನ್ನೊಂದು ಕೆಲಸವಾಯಿತು. ತಾವು ಬರೆದದ್ದನ್ನು ಮನೆಯವರು ನೋಡಿದರೋ ಇಲ್ಲವೋ ತಿಳಿಯುವುದಿಲ್ಲ ಎಂದು ಗೋವಾದವರು ದೂರುತ್ತಿದ್ದರು. ತುಳಜಾ ಪ್ರತಿ ಸುದ್ದಿಯ ಕೆಳಗೆ ಬರೆದವರಿಗೆ ಮಾತ್ರ ಕಾಣುವಂತೆ "ನೋಡ್ಯಾರ" ಎಂಬ ಒಂದು ಗುರುತು ಇಟ್ಟಳು. ಮನೆಯವರು ಪುಟ ತೆರೆದು ಮೊದಲ ತುಂಡು ಹೊರಟ ಕೂಡಲೇ ಆ ಗುರುತು ಬೀಳುತ್ತಿತ್ತು.

ಆದರೆ ಸಾಂಬ್ರಾಣಿಯಲ್ಲಿ ಒಮ್ಮೆ ಲೈನು ಕಟ್ಟಾಗಿ ಯಾರದೋ ಕೊನೆಯ ಸಾಲು ತಪ್ಪಿ, ಕಳಿಸಿದವನು ಸಿಟ್ಟಿಗೆದ್ದು ಬಂದ. ತುಳಜಾ ವಿಚಾರ ಮಾಡಿದಳು. ವಿಷಯವೆಲ್ಲ ಕೊನೆಯಲ್ಲಿ ಇರುವುದಾದರೆ ಕೊನೆಯ ಸಾಲನ್ನೇ ಮೊದಲು ಬಡಿಸಿದರಾಯಿತು! ಹಾಗೆಯೇ ಮಾಡಿದಳು. ಮೂರನೆಯ ದಿನ ಕುಂಬಾರವಾಡದಿಂದ ಸಾತಪ್ಪನ ಫೋನು ಬಂತು. ಬಿಬಿಜಾನಳ ಪುಟ ತೆರೆದರೆ ಮೊದಲೇ "ಶುಕ್ರವಾರ ದಾಂಡೇಲಿಗೆ ಬಾ" ಎಂದಿತ್ತಂತೆ. ಕ್ಷೇಮ ಕೇಳದೆ ಬರುವ ಸುದ್ದಿ ನಮ್ಮ ಕಡೆ ಒಂದೇ, ಸಾವಿನದು. ಮುದುಕಿ ಎದೆ ಎದೆ ಬಡಿದುಕೊಂಡು, ಊರನ್ನೇ ಕೂಡಿಸಿದ್ದಳು. ಕೆಳಗೆ ಕ್ಷೇಮವಿದೆ ಎಂದು ಸಾತಪ್ಪ ಓದಿ ಹೇಳಿದರೂ ಕೇಳುವ ಸ್ಥಿತಿಯಲ್ಲಿ ಇರಲಿಲ್ಲ. ಮಗಳು ಬರಿ ಹಬ್ಬಕ್ಕೆ ಬಟ್ಟೆ ತರುತ್ತಿದ್ದಳು. ತುಳಜಾ ಅವತ್ತೇ ಎಲ್ಲವನ್ನೂ ಮೊದಲಿನ ಹಾಗೆ ಮಾಡಿದಳು. ಕ್ಷೇಮ ಮೇಲೆ, ವಿಷಯ ಕೆಳಗೆ.

"ಮಂದಿ ರೀತಿ ಬಿಟ್ಟು ಪ್ರೋಗ್ರಾಮ್ ಬರ್ಯಾಕ ಬರೂದಿಲ್ಲ ಮಾಸ್ತರ್ರ" ಎಂದಳು. ಸೋತವಳ ದನಿಯಲ್ಲಿ ಹೇಳಿದಳು, ಆದರೂ ಅವಳ ಮಾತು ನನಗೆ ಸರಿ ಎನಿಸಿತು.

ಆ ವರ್ಷ ಭತ್ತದ ಸುಗ್ಗಿ ಮುಗಿದ ಮೇಲೆ ಕುಂಬಾರವಾಡದ ಕೇಂದ್ರಕ್ಕೆ ಹೊಸ ಮೋಡೆಮ್ ಬಂತು. ಅದನ್ನು ಕೂಡಿಸಲು ತುಳಜಾ ಸೋಮವಾರ ಹೋದಳು. ಸಾತಪ್ಪನ ಮನೆಯಲ್ಲಿ ಇಳಿದುಕೊಂಡಳು. ಮಂಗಳವಾರ ಮೋಡೆಮ್ ಕೂಡಿಸಿ, ಸರಿಯಾಯಿತೋ ಇಲ್ಲವೋ ನೋಡಲು ತನ್ನದೇ ಪುಟ ತೆರೆದಳು. ಕುಬೇರನ ಸುದ್ದಿ ಬಂದಿತ್ತು. ಯುಗಾದಿಯ ಜಗಳವಾದ ಮೇಲೆ ಅವನು ಬರೆಯುವುದು ಕಡಿಮೆಯಾಗಿತ್ತು. ಇದು ಉದ್ದವಾಗಿ ಇಳಿಯತೊಡಗಿತು. ನಾನು ಕ್ಷೇಮ, ನೀನು ಕ್ಷೇಮವೇ, ಮಾವ ಹೇಗಿದ್ದಾನೆ, ಅತ್ತೆಯ ಮೊಣಕಾಲು ಹೇಗಿದೆ, ಮಳಗಿಯ ಕಾಕಾ, ಮಾಸ್ತರರಿಗೆ ನಮಸ್ಕಾರ. ನನಗೂ ನಮಸ್ಕಾರ ಹೇಳಿದ್ದ, ಪುಣ್ಯಾತ್ಮ. ಅಲ್ಲಿಗೆ ಲೈನು ಕಟ್ಟಾಯಿತು. ಕಾಡಿನಲ್ಲಿ ಎಲ್ಲಿಯೋ ತಂತಿಯ ಮೇಲೆ ಮರ ಬಿದ್ದಿತ್ತು.

ಎಷ್ಟು ಸಲ ಕೇಳಿದರೂ ಪುಟ ಬರಲಿಲ್ಲ. ಬುಧವಾರದ ಬಸ್ಸಿಗೆ ಅವಳು ಹೊರಟು ಬರಬಹುದಿತ್ತು. ಲೈನು ಬಂದ ಮೇಲೆ ಮೋಡೆಮ್ಮನ್ನು ಪೂರ್ತಿ ನೋಡಿಯೇ ಹೋಗೋಣ ಎಂದು ನಿಂತಳು. ಕೆಲಸ ಅರ್ಧಕ್ಕೆ ಬಿಡುವ ಜಾತಿಯಲ್ಲ ಅದು. ಅದಕ್ಕಿಂತ ಹೆಚ್ಚಾಗಿ, ಗಂಡ ಎಲ್ಲರನ್ನೂ ಕೇಳಿದ್ದಾನೆ, ಕ್ಷೇಮವಾಗಿದ್ದಾನೆ, ಸಿಟ್ಟು ಇಳಿದಿದೆ, ಅಷ್ಟರಲ್ಲೇ ಅವಳ ಹೊಟ್ಟೆ ತುಂಬಿತ್ತು. ಬಿಬಿಜಾನ್ ಎದ್ದು ಹೋದ ಹಾಗೆ ಇವಳೂ ಎದ್ದಳು. ಆ ರಾತ್ರಿ ಸಾತಪ್ಪನ ಹೆಂಡತಿಯ ಜೊತೆ ಕುಳಿತು ಹೊಟ್ಟೆ ತುಂಬ ಉಂಡಳಂತೆ. ವಿಷಯವೆಲ್ಲ ಪುಟದ ಕೊನೆಯಲ್ಲಿ ಇರುತ್ತದೆ ಎಂಬುದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು? ಗೊತ್ತಿದ್ದೂ ಉಂಡಳು. ಬಹಳ ದಿನದ ಹಸಿವು.

ಗುರುವಾರ ಬೆಳಿಗ್ಗೆ ಕುಬೇರ ನನ್ನ ಕ್ಲಾಸಿನ ಮೆಟ್ಟಿಲು ಹತ್ತಿ ಬಂದ. ಕೈಯಲ್ಲಿ ಒಂದು ಚೀಲ. ಹೊಸ ಅಂಗಿ, ತಲೆಗೆ ಎಣ್ಣೆ. ಹಿಂದಿನ ಖೋಲಿಗೆ ಬೀಗ ಇರುವುದನ್ನು ನೋಡಿ ನನ್ನ ಮುಂದೆ ಬಂದು ನಿಂತ.

"ಅಕಿ ಎಲ್ಲಿ ಹೋಗ್ಯಾಳ್ರಿ ಮಾಸ್ತರ್ರ?"

"ಕುಂಬಾರವಾಡಕ್ಕ ಹೋಗ್ಯಾಳೋ ಮಾರಾಯಾ. ಸೋಮವಾರ ಹೋದಾಕಿ ಇನ್ನೂ ಬಂದಿಲ್ಲ. ನೀ ಬರೂದು ಹೇಳಿದ್ದೇನು?"

"ಬರೆದಿದ್ನಿರಿ. ಮಂಗಳವಾರ."

"ಹಂಗಾರ ಅಕಿಗೆ ಮುಟ್ಟಿಲ್ಲ. ಲೈನ್ ಹೋಗೇತಿ ಅಲ್ಲಿ."

"ಮುಟ್ಟೇತ್ರಿ" ಎಂದ ಅವನು. "ಹೊರಡೂಕಿಂತ ಮೊದ್ಲ ಕೆಫೆದಾಗ ನೋಡಿ ಬಂದೇನಿ. ನೋಡ್ಯಾರ ಅಂತ ಬಿದ್ದೈತಿ."

ಅವನು ಏನು ಬರೆದಿದ್ದನೋ ನನಗೆ ಗೊತ್ತಿರಲಿಲ್ಲ, ಗುರುತು ಹೇಗೆ ಬೀಳುತ್ತದೆ ಎಂಬುದೂ ಆಗ ನನಗೆ ತಿಳಿದಿರಲಿಲ್ಲ. ಕೆಳಗೆ ಹೋಗಿ ಅಂಗಡಿಯಿಂದ ಕುಂಬಾರವಾಡಕ್ಕೆ ಫೋನು ಮಾಡಿದೆ. ಸತ್ತ ಲೈನು. ವಾಪಸ್ ಬಂದಾಗ ಅವನು ಕಿಟಕಿಯ ಹತ್ತಿರದ ಬೆಂಚಿನ ಮೇಲೆ ಕುಳಿತಿದ್ದ. ಚಹಾ ತರಿಸಿದೆ, ಕುಡಿದ. ಊಟಕ್ಕೆ ಕರೆದೆ, ಬರಲಿಲ್ಲ. ಒಂದು ಬಸ್ಸು ಬಂದ ಸದ್ದಾದರೆ ಎದ್ದು ನೋಡುವನು, ಮತ್ತೆ ಕುಳಿತುಕೊಳ್ಳುವನು. ಹುಡುಗಿಯರು ಟೈಪು ಹೊಡೆಯುತ್ತಲೇ ಇದ್ದರು.

"ಇವತ್ತು ನಿಲ್ಲೋ. ನಾಳಿಗೆ ಬರ್ತಾಳ" ಎಂದೆ.

"ಬುಧವಾರ ಬಸ್ ಇತ್ತೇನ್ರಿ ಅಲ್ಲಿಂದ?"

"ಇತ್ತು" ಎಂದೆ. ಸುಳ್ಳು ಹೇಳಬೇಕಾಗಿತ್ತು ಎಂದು ಆಮೇಲೆ ಅನಿಸಿತು. ಆಗ ಹೊಳೆಯಲಿಲ್ಲ.

ಬಿಸಿಲು ಇಳಿಯುವ ಹೊತ್ತಿಗೆ ಅವನು ಎದ್ದ. ನನ್ನ ಕಾಲಿಗೆ ನಮಸ್ಕಾರ ಮಾಡಿದ. ಚೀಲದಿಂದ ಒಂದು ಪೊಟ್ಟಣ ತೆಗೆದು, ಗೋಡಂಬಿ, ಅಕಿಗೆ ಕೊಡ್ರಿ ಎಂದ. ಮೆಟ್ಟಿಲು ಇಳಿದು ಹೋದ.

ಲೈನು ಬರುವ ಲಕ್ಷಣ ಕಾಣದೆ, ಶುಕ್ರವಾರ ಮಧ್ಯಾಹ್ನ ತುಳಜಾ ವಾಪಸ್ ಬಂದಳು, ನಗುನಗುತ್ತ. ನಾನು ಹೇಳಿದೆ. ಅವಳು ಚಪ್ಪಲಿ ಬಿಡದೆ ಸಂಘದ ಆಫೀಸಿಗೆ ಓಡಿದಳು. ಅಲ್ಲಿ ಪುಟ ತೆರೆದಳು. ನಮಸ್ಕಾರಗಳೆಲ್ಲ ಮುಗಿದ ಮೇಲೆ, ಕೆಳಗೆ, ಅವನು ಬರೆದಿದ್ದ: "ಮಸ್ಕತ್‌ದಾಗ ಕೆಲಸಕ್ಕ ಕರೆದಾರ. ನನಗ ಹೋಗೂ ಮನಸ್ಸಿಲ್ಲ. ದಾಂಡೇಲ್ಯಾಗ ಒಂದು ಕೆಲಸಾ ನೋಡೇನಿ. ಗುರುವಾರ ಬರ್ತೇನಿ, ಮನ್ಯಾಗ ಇರು. ನಾ ಅಲ್ಲಿಗೆ ಬರೂದು ನಿನಗ ಬೇಕಿದ್ರ ಇರು. ನೀ ಮನ್ಯಾಗ ಇಲ್ಲಂದ್ರ, ಬ್ಯಾಡಂತ ತಿಳಕೊಂಡು ಹೋಗ್ತೇನಿ."

ಅವತ್ತೇ ವಾಸ್ಕೋಗೆ ಹೊರಟಳು. ನಾನೇ ಬಸ್ಸು ಹತ್ತಿಸಿದೆ. ಅಲ್ಲಿ ಪತ್ರಾಸಿನ ಮನೆಯಲ್ಲಿ ಬೇರೆ ಯಾರೋ ಇದ್ದರು. ಕುಬೇರ ಮುಂಬೈಗೆ ಹೋದ, ಅಲ್ಲಿಂದ ವಿಮಾನ ಎಂದರು. ಯಾವ ಕಂಪನಿ, ಯಾವ ವಿಳಾಸ, ಯಾರಿಗೂ ಗೊತ್ತಿಲ್ಲ. ಅವನ ಅಪ್ಪ, ಅಂದರೆ ಇವಳ ಸೋದರಮಾವ, ಊರಿಗೆ ಹೋದ ಇವಳನ್ನು ಒಳಗೆ ಕರೆಯದೆ, ಮಗನಿಗೆ ನಿನ್ನ ಕಂಪ್ಯೂಟರೇ ಮುಳುವಾಯಿತು ಎಂದು ಬಾಗಿಲಲ್ಲೇ ನಿಂತು ಮಾತಾಡಿದ. ಹಬ್ಬಕ್ಕೆ ಕರೆಯುವುದನ್ನೂ ಬಿಟ್ಟ. ತನ್ನ ಅಪ್ಪ ಅವ್ವ ಅಣ್ಣ ಅತ್ತಿಗೆಯರ ಎದುರು ಏನೂ ಹೇಳಲಾರದೆ ಅವಳು ಮಳಗಿಯ ಕಡೆ ಹೋಗುವುದನ್ನೂ ಕಡಿಮೆ ಮಾಡಿದಳು.

ಉಳಿದದ್ದು ಆ ಪುಟ ಒಂದೇ. ಮಸ್ಕತ್ತಿನಲ್ಲಿಯೂ ಕೆಫೆಗಳಿರುತ್ತವೆ, ಒಂದಲ್ಲ ಒಂದು ದಿನ ತೆರೆಯುತ್ತಾನೆ. ಅವಳು ನಡೆದದ್ದನ್ನೆಲ್ಲ ಬರೆದಳು. ಸುಳ್ಳು ಗುರುತು ಹೇಗೆ ಬಿತ್ತು, ತಾನು ಎಷ್ಟು ಓದಿದ್ದೆ, ಮರ ಎಲ್ಲಿ ಬಿದ್ದಿತ್ತು, ಎಲ್ಲ. ಅದಕ್ಕೂ ಮೊದಲು ಕ್ಷೇಮ ಬರೆದಳು, ನಮಸ್ಕಾರ ಬರೆದಳು. ಬರೆದು ಮುಗಿಸಿ ಪ್ರೋಗ್ರಾಮಿಗೆ ಕೈ ಹಾಕಿದಳು.

ಆ ಚಳಿಗಾಲ ಪೂರ್ತಿ ಅವಳು ಮಾಡಿದ್ದು ಅದೊಂದೇ ಕೆಲಸ. ಯಾರಾದರೂ ಪುಟ ಕೇಳಿದಾಗ ಅಚ್ಚು ತುಂಬುವುದನ್ನೇ ನಿಲ್ಲಿಸಿದಳು. ಸುದ್ದಿ ಬರೆದ ಗಳಿಗೆಯಲ್ಲೇ ಅಚ್ಚು ತುಂಬಿ, ಪುಟವನ್ನು ತಯಾರಿಸಿ ಇಟ್ಟುಬಿಡುವುದು. ಹಳೆಯ ಸುದ್ದಿಗಳನ್ನು ಬೇರೆ ಪುಟಕ್ಕೆ ಹಾಕುವುದು. ಕೇಳಿದವರಿಗೆ ಇಟ್ಟದ್ದನ್ನು ಎತ್ತಿ ಕೊಡುವುದಷ್ಟೇ. ಪುಟ ಎಷ್ಟು ಹಗುರವಾಯಿತೆಂದರೆ ಕುಂಬಾರವಾಡದ ಆ ದರಿದ್ರ ತಂತಿಯ ಮೇಲೂ ಲೈನು ಕಟ್ಟಾಗುವ ಮೊದಲೇ ಕೊನೆಯವರೆಗೆ ಮುಟ್ಟುತ್ತಿತ್ತು. ಗುರುತನ್ನೂ ಬದಲಾಯಿಸಿದಳು. ಪುಟದ ಕಟ್ಟಕಡೆಯಲ್ಲಿ, ಕೊನೆಯ ಸಾಲಿನ ಕೆಳಗೆ, ಕಣ್ಣಿಗೆ ಕಾಣದಷ್ಟು ಸಣ್ಣ ಚುಕ್ಕೆಯ ಚಿತ್ರವೊಂದನ್ನು ಇಟ್ಟಳು. ಓದುವವರ ಕಂಪ್ಯೂಟರು ಮೇಲಿನದೆಲ್ಲ ಮುಟ್ಟಿದ ಮೇಲೆ ಆ ಚುಕ್ಕೆಯನ್ನು ಕೇಳುತ್ತದೆ. ಅದನ್ನು ಕೇಳಿದಾಗ ಮಾತ್ರ "ನೋಡ್ಯಾರ" ಬೀಳುತ್ತದೆ.

ಹುಬ್ಬಳ್ಳಿಯಿಂದ ಸಂಘಕ್ಕೆ ಬಂದ ಒಬ್ಬರು ಇದನ್ನು ನೋಡಿ, ಇದಕ್ಕಿಂತ ಚೊಕ್ಕ ರೀತಿ ಇಲ್ಲ ಎಂದರು. ತುಳಜಾ ಹೌದ್ರಿ ಎಂದಳು, ಅಷ್ಟೇ. ಇದನ್ನು ಮೊದಲೇ ಯಾಕೆ ಮಾಡಲಿಲ್ಲ ಎಂದು ಅವಳನ್ನು ಅವಳೇ ಎಷ್ಟು ಸಲ ಕೇಳಿಕೊಂಡಿದ್ದಳೋ. ಸಂಜೆ ನನ್ನ ಕ್ಲಾಸಿಗೆ ಬರುತ್ತಿದ್ದಳು, ಆದರೆ ಮಾತು ನಿಂತಿತ್ತು. ಮಷಿನ್ನಿನ ಮುಂದೆ ಕುಳಿತು, ಹಾಳೆ ಹಾಕದೆ, ಕೀಲಿಗಳ ಮೇಲೆ ಬೆರಳು ಇಟ್ಟುಕೊಂಡು ಕೂರುತ್ತಿದ್ದಳು. ಜೋರಾಗಿ ಹೊಡೆದರೂ ಬೈಯಬಾರದು ಎಂದು ನಾನು ನಿಶ್ಚಯಿಸಿಕೊಂಡಿದ್ದೆ. ಅವಳು ಹೊಡೆಯಲೇ ಇಲ್ಲ. ನನಗೆ ಮಕ್ಕಳಿಲ್ಲ, ಹೆಂಡತಿ ತೀರಿ ಎಷ್ಟೋ ವರ್ಷವಾಗಿದೆ. ಆ ಹುಡುಗಿ ಹಾಗೆ ಕುಳಿತಿರುವಷ್ಟು ಹೊತ್ತು ನಾನು ಕ್ಲಾಸಿಗೆ ಬೀಗ ಹಾಕುತ್ತಿರಲಿಲ್ಲ.

ದಿನಾ ಬೆಳಿಗ್ಗೆ ಆಫೀಸಿಗೆ ಹೋದವಳು ಮೊದಲು ತನ್ನ ಸುದ್ದಿಯ ಕೆಳಗೆ ನೋಡುವಳು. ಗುರುತು ಬಿದ್ದಿರುವುದಿಲ್ಲ. ಒಂದು ರೀತಿಯಲ್ಲಿ ಅದೇ ಅವಳ ಆಸರೆಯಾಗಿತ್ತು. ಅವನು ನೋಡಿಲ್ಲ, ನೋಡಿದರೆ ಬರುತ್ತಾನೆ. ಮಳೆಗಾಲ ಬಂತು, ಹೋಯಿತು.

ದಸರೆ ಕಳೆದ ಮೇಲೆ ಒಂದು ಮಧ್ಯಾಹ್ನ ಮೆಟ್ಟಿಲು ಹತ್ತಿ ಓಡಿ ಬಂದಳು. ಹುಡುಗಿಯರ ಎದುರಿಗೇ, "ಮಾಸ್ತರ್ರ, ಬಿದ್ದೈತಿ!" ಎಂದಳು. ನನಗೆ ತಿಳಿಯಿತು. ಕ್ಲಾಸು ಅಲ್ಲಿಗೇ ಬಿಟ್ಟೆ. ಚಹಾದ ಜೊತೆ ಭಜಿ ತರಿಸಿದೆ. "ಇನ್ನೇನು, ಉತ್ತರ ಬರ್ತೈತಿ ಬಿಡು" ಎಂದೆ. ಅವಳು ಅವತ್ತು ಸಂಜೆ ಒಲೆ ಹಚ್ಚಿದಳು. ಒಗ್ಗರಣೆಯ ವಾಸನೆ ನನ್ನ ಕಡೆಗೂ ಬಂತು.

ಉತ್ತರ ಬರಲಿಲ್ಲ. ದೀಪಾವಳಿಗೂ ಬರಲಿಲ್ಲ. ಅವಳ ಬದಲಿಗೆ ನನಗೇ ಸಿಟ್ಟು ನೆತ್ತಿಗೇರಿತು.

"ಒಲ್ಲೆ ಅಂತ ಒಂದು ಮಾತು ಬರ್ಯಾಕೂ ಕೈ ಇಲ್ಲೇನು ಅವಂಗ? ಇಲ್ಲಾ, ಅಲ್ಲಿನೂ ಲೈನ್ ಕಟ್ಟಾಗಿರಬೇಕು. ಅರ್ಧಾ ಓದಿರ್ತಾನ. ಮತ್ತೊಮ್ಮೆ ಬರಿ ನೀ."

ತುಳಜಾ ತಲೆ ಅಲ್ಲಾಡಿಸಿದಳು. "ಇಲ್ಲ ಮಾಸ್ತರ್ರ. ಈಗ ಹಂಗ ಆಗೂದಿಲ್ಲ. ಕಡೀ ಸಾಲು ಮುಟ್ಟಿದ ಮ್ಯಾಲೇ ಗುರುತು ಬೀಳ್ತೈತಿ. ನಾನೇ ಮಾಡೇನಿ."

"ಕಡೀ ಸಾಲಿನ್ಯಾಗ ಹಂತಾದ್ದೇನು ಬರೆದಿದ್ದಿ?"

ಕೆಳಗೆ ದಾಂಡೇಲಿಯ ಬಸ್ಸು ಹಾರ್ನು ಹಾಕುತ್ತಿತ್ತು.

"ನಿನಗ ಬರೂ ಮನಸ್ಸಿದ್ರ ಬಾ. ಇಲ್ಲಂದ್ರ ಏನೂ ಬರೀಬ್ಯಾಡ, ನಾ ತಿಳಕೋತೇನಿ ಅಂತ ಬರೆದಿದ್ನಿ" ಎಂದಳು. "ಅಂವ ನಾ ಹೇಳಿದಂಗ ಮಾಡ್ಯಾನ, ಮಾಸ್ತರ್ರ."